ಹಡಗಿನ ಮಾತುಗಳ ಭಾಷಾಂತರವೂ ಕನ್ನಡ ಕರಾವಳಿಯ ಇತಿಹಾಸವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ಈ ನಾಲ್ಕು ತಾಲ್ಲೂಕುಗಳಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಇಲ್ಲಿನ ನದಿಗಳು ವರ್ಷದ ಬಹುಭಾಗ ಮರಳನ್ನೇ ಹೊತ್ತಿರತಕ್ಕವು. ಹಡಗೆಂಬುದು ಇಲ್ಲಿನ ಜನರಿಗೆ ಚಿತ್ರಗಳಿಂದ ಪರಿಚಿತವಾದುದೇ ಹೆಚ್ಚು. ಆದರೂ ಚಿಂತಾಮಣಿಯ ಮಾರುಕಟ್ಟೆಗೆ ಬರುವ ಟೊಮೇಟೊ ಹಣ್ಣಿನ ಹೆಸರು, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಗೆ ಇಂಗ್ಲಿಷಿನವರಿಟ್ಟ ಪೊಟೇಟೊ ಎಂಬ ಹೆಸರು, ಗೌರಿಬಿದನೂರಿನ ಮೆಕ್ಕೆಜೋಳಕ್ಕೆ ಅವರಿಟ್ಟ ಮೇಯ್ಜ್ ಎಂಬ ಹೆಸರು, ಈ ಮೂರೂ ಅಮೆರಿಕಾ ಖಂಡದ ಮೂಲನಿವಾಸಿಗಳ ನುಡಿಗಳಿಂದ ಹೊರಟು, ಸ್ಪೇನ್ ದೇಶದವರ ಹಡಗುಗಳನ್ನೇರಿ, ಸ್ಪಾನಿಷ್ ಭಾಷೆಯ ದಾರಿಯಾಗಿ ಇಂಗ್ಲಿಷನ್ನು ಸೇರಿದವು. ಈ ಪದಾರ್ಥಗಳನ್ನು ತೂಗುವ ಕ್ವಿಂಟಲ್ ಎಂಬ ಮಾತಿನ ಪ್ರಯಾಣವು ಇನ್ನೂ ದೀರ್ಘವಾದುದು. ನೂರೆಂಬ ಅರ್ಥದ ಲ್ಯಾಟಿನ್ ಮೂಲದಿಂದ ಹುಟ್ಟಿದ ಶಬ್ದವೊಂದು ಅರಬ್ಬರಲ್ಲಿ ಕಿಂತಾರ್ ಎನಿಸಿ, ಅವರಿಂದ ಐರೋಪ್ಯ ವರ್ತಕರಿಗೆ ಮರಳಿ, ಸ್ಪೇನ್ ಪೋರ್ಚುಗಲ್ಲುಗಳ ಬಂದರುಗಳಲ್ಲಿ ಕಿಂತಾಲ್ ಎಂದು ಪ್ರಸಿದ್ಧವಾಯಿತು. ಮಂಡಿಯ ಚೀಟಿಯಲ್ಲಿ ರೈತನು ಓದುವ ಒಂದು ಪದದ ಹಿಂದೆ ಇಷ್ಟು ಸಮುದ್ರಗಳಿರುವುವು.

ಮಾತು ಹೀಗೆ ಪ್ರಯಾಣ ಮಾಡುವಾಗ ಅದರೊಡನೆ ಅರ್ಥವೂ ಪೂರ್ತಿಯಾಗಿ ಬಂದು ಸೇರುವುದೋ, ಅಥವಾ ಅರ್ಧ ದಾರಿಯಲ್ಲಿ ಸಮುದ್ರಪಾಲಾಗುವುದೋ ಎಂಬುದು ವಿಚಾರ ಮಾಡತಕ್ಕ ಸಂಗತಿ. ಇದು ಕೇವಲ ಶಬ್ದಕೋಶಕಾರರ ಕುತೂಹಲವಲ್ಲ. ಕನ್ನಡ ಕರಾವಳಿಯ ಹಳೆಯ ವ್ಯಾಪಾರದ ವಿಷಯದಲ್ಲಿ ಇಂದು ತಿಳಿದಿರುವುದರ ಬಹುಭಾಗವು ಪರದೇಶದ ಗುಮಾಸ್ತರೂ ನಾವಿಕರೂ ಬರೆದಿಟ್ಟ ಲೆಕ್ಕಗಳಿಂದ ಬಂದುದು. ಆ ಲೆಕ್ಕಗಳನ್ನು ಕನ್ನಡಿಗರು ಓದುವುದು ಇಂಗ್ಲಿಷಿನ ಮೂಲಕ. ಅಲ್ಲಿ ಒಂದು ಪದ ತಪ್ಪಿದರೆ ಇಲ್ಲಿ ಒಂದು ಊರಿನ ಇತಿಹಾಸವೇ ತಪ್ಪುವುದು.

ಮೊದಲು ಇಂಗ್ಲಿಷು ಸ್ಪಾನಿಷಿನಿಂದ ಪಡೆದ ಕೆಲವು ಮಾತುಗಳನ್ನು ನೋಡೋಣ. ಕಾರ್ಗೊ ಎಂಬುದು ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಸ್ಪಾನಿಷ್ ಶಬ್ದ. ಅದರ ಮೂಲಧಾತುವಿಗೆ ಗಾಡಿಗೆ ತುಂಬುವುದೆಂದು ಅರ್ಥ. ಬಂಡಿಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಹುಟ್ಟಿತು. ಸ್ಪೇನಿನಲ್ಲಿ ಕಾರ್ಗಾ ಎಂದರೆ ಹೇಸರಗತ್ತೆಯ ಬೆನ್ನಿನ ಹೊರೆಯೂ ಹೌದು, ಹಡಗಿನ ಹೊಟ್ಟೆಯ ಸರಕೂ ಹೌದು, ಮನುಷ್ಯನ ಮೇಲೆ ಬಿದ್ದ ಹೊಣೆಯೂ ಹೌದು. ಇಂಗ್ಲಿಷಿನವರು ಬಂದರಿನಲ್ಲಿ ಕೇಳಿದ ಮಾತನ್ನು ಬಂದರಿನ ಮಟ್ಟಿಗೇ ಇಟ್ಟುಕೊಂಡರು. ಅವರಲ್ಲಿ ಕಾರ್ಗೊ ಬಹುಕಾಲ ಹಡಗಿನ ಸರಕಾಗಿಯೇ ಉಳಿಯಿತು. ಕನ್ನಡದಲ್ಲಿ ಇದನ್ನು ಇಂಗ್ಲಿಷಿನಿಂದ ತಿರುಗಿಸುವವರು ಸರಕು ಎಂದು ಬರೆಯುವರು. ಆದರೆ ಮೂಲವನ್ನು ನೋಡಿದವರಿಗೆ ಅದಕ್ಕೆ ಸರಿಯಾದ ಅಚ್ಚಗನ್ನಡ ಪದ ಬೇರೆಯೇ ಇರುವುದು ತೋರುತ್ತದೆ. ಅದು ಹೇರು. ಎತ್ತಿನ ಮೇಲೆ ಹೇರಿದುದೂ ಹೇರು, ಗಾಡಿಗೆ ಹೇರಿದುದೂ ಹೇರು. ಕ್ರಿಯೆಯೂ ಅದೇ, ವಸ್ತುವೂ ಅದೇ. ಒಬ್ಬನ ಮೇಲೆ ಕೆಲಸ ಹೇರಿದರೆಂಬ ಮಾತೂ ಉಂಟು. ಮೂರು ಅರ್ಥಗಳಲ್ಲಿ ಮೂರೂ ಹೊಂದುತ್ತವೆ. ಇಂಗ್ಲಿಷಿನ ಮಧ್ಯಸ್ಥಿಕೆಯಿಲ್ಲದೆ ಎರಡು ಭಾಷೆಗಳನ್ನು ಎದುರುಬದುರು ನಿಲ್ಲಿಸಿದ ಹೊರತು ಈ ಹೊಂದಿಕೆ ಕಾಣದು.

ಸೋಬ್ರೆಕಾರ್ಗೊ ಎಂಬ ಇನ್ನೊಂದು ಸ್ಪಾನಿಷ್ ಮಾತು ಇಂಗ್ಲಿಷಿನಲ್ಲಿ ಸೂಪರ್‌ಕಾರ್ಗೊ ಎಂದಾಯಿತು. ಅಕ್ಷರಾರ್ಥವನ್ನೇ ನಂಬಿದವರಿಗೆ ಅದು ಯಾವುದೋ ದೊಡ್ಡ ಸರಕಿನ ಹೆಸರೆಂದು ತೋರೀತು. ವಾಸ್ತವವಾಗಿ ಅದು ಮನುಷ್ಯನ ಹೆಸರು: ಹಡಗಿನಲ್ಲಿ ಸರಕಿನೊಡನೆ ಪಯಣ ಮಾಡಿ, ಅದನ್ನು ಮಾರಿ, ಬದಲು ಸರಕು ಕೊಂಡು, ಒಡೆಯನಿಗೆ ಲೆಕ್ಕ ಒಪ್ಪಿಸತಕ್ಕ ಅಧಿಕಾರಿ. ಹಡಗು ನಡೆಸುವವನು ಬೇರೆ, ಹೇರಿನ ಹೊಣೆ ಹೊತ್ತವನು ಬೇರೆ. ಹಾಗೆಯೇ ಎಂಬಾರ್ಗೊ ಎಂಬುದು ಹಡಗನ್ನು ಬಂದರಿನಿಂದ ಕದಲಗೊಡದೆ ತಡೆಹಿಡಿಯುವ ರಾಜಾಜ್ಞೆಯಾಗಿ ಬಂದು, ಕಾಲಕ್ರಮದಲ್ಲಿ ಎಲ್ಲ ಬಗೆಯ ವ್ಯಾಪಾರ ನಿಷೇಧಕ್ಕೂ ಸಲ್ಲುವಂತಾಯಿತು.

ಸ್ಟೀವಡೋರ್ ಎಂಬ ಪದದ ಕಥೆ ಇನ್ನೂ ಮನನೀಯವಾದುದು. ಸ್ಪಾನಿಷಿನ ಎಸ್ತಿಬಾರ್ ಎಂಬ ಧಾತುವಿಗೆ ಒತ್ತಾಗಿ ತುಂಬುವುದೆಂದು ಅರ್ಥ. ಅದನ್ನು ಮಾಡುವವನು ಎಸ್ತಿಬಾದೋರ್. ಹದಿನೆಂಟನೆಯ ಶತಮಾನದ ಕೊನೆಗೆ ಅಮೆರಿಕದ ಬಂದರುಗಳಲ್ಲಿ ಈ ಮಾತು ಇಂಗ್ಲಿಷಾಯಿತು. ಇದನ್ನು ಕನ್ನಡದಲ್ಲಿ ಹಮಾಲಿಯೆಂದು ತಿರುಗಿಸುವುದುಂಟು. ಹಮಾಲ ಎಂಬ ಅರಬ್ಬೀ ಶಬ್ದಕ್ಕೆ ಹೊರುವವನೆಂದು ಅರ್ಥ. ಹೊರುವುದು ಒಂದು ಕೆಲಸ, ತುಂಬಿ ಜೋಡಿಸುವುದು ಇನ್ನೊಂದು ಕೆಲಸ. ಭಾರವಾದುದನ್ನು ತಳದಲ್ಲಿಟ್ಟು, ನೀರು ತಗುಲಬಾರದುದನ್ನು ಮೇಲಿಟ್ಟು, ಹಡಗು ಒಂದು ಪಕ್ಕಕ್ಕೆ ವಾಲದಂತೆ, ಅಲೆಗಳ ಹೊಡೆತಕ್ಕೆ ಮೂಟೆಗಳು ಜರುಗದಂತೆ ಸಂದುಸಂದನ್ನೂ ತುಂಬತಕ್ಕ ಚಾತುರ್ಯವು ಎಸ್ತಿಬಾದೋರನದು. ಅವನ ತಪ್ಪಿನಿಂದ ಹಡಗು ಮುಳುಗಿದುದುಂಟು. ಈ ನಾಲ್ಕು ತಾಲ್ಲೂಕುಗಳ ರೈತರು ಗಾಡಿಗೆ ಹುಲ್ಲು ತುಂಬುವಾಗಲೂ ಬಣವೆ ಹಾಕುವಾಗಲೂ ಆಡುವ ಮಾತೊಂದಿದೆ: ಒಟ್ಟುವುದು. ಹುಲ್ಲಿನ ಕಟ್ಟನ್ನು ಎತ್ತಿ ಕೊಡುವವನು ಯಾರಾದರೂ ಆಗಬಹುದು; ಮೇಲೆ ನಿಂತು ಒಟ್ಟುವವನು ಬಲ್ಲವನೇ ಆಗಬೇಕು. ಎಸ್ತಿಬಾದೋರನು ಈ ಒಟ್ಟುವವನ ಸಮುದ್ರದ ದಾಯಾದಿ. ಬಂದರಿಲ್ಲದ ನಾಡಿನ ನುಡಿಯಲ್ಲಿಯೂ ಬಂದರಿನ ಕೆಲಸಕ್ಕೆ ತಕ್ಕ ಮಾತು ದೊರೆಯುವುದೆಂಬುದಕ್ಕೆ ಇದು ದೃಷ್ಟಾಂತ.

ಇನ್ನು ಕನ್ನಡನಾಡಿಗೆ ನೇರವಾಗಿ ಸಂಬಂಧಪಟ್ಟ ಗ್ರಂಥವೊಂದರ ವಿಷಯಕ್ಕೆ ಬರಬಹುದು. ದುವಾರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸ್ ಗುಮಾಸ್ತನು ಹದಿನಾರನೆಯ ಶತಮಾನದ ಆರಂಭದಲ್ಲಿ ಕಣ್ಣಾನೂರಿನ ಕೋಠಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ಆತನು ಪೂರ್ವಸಮುದ್ರದ ಬಂದರುಗಳನ್ನೂ ಅಲ್ಲಿನ ಜನರನ್ನೂ ಸರಕುಗಳನ್ನೂ ವರ್ಣಿಸುವ ಪುಸ್ತಕವೊಂದನ್ನು ಸುಮಾರು 1516ರಿಂದ 1518ರೊಳಗೆ ಮುಗಿಸಿದನು. ಕೃಷ್ಣದೇವರಾಯನ ಆಳ್ವಿಕೆಯ ಕಾಲ ಅದು. ಈ ನಾಲ್ಕು ತಾಲ್ಲೂಕುಗಳ ನೆಲವೂ ಆಗ ವಿಜಯನಗರದ ಛತ್ರದಡಿಯಲ್ಲಿತ್ತು. ಹೊನ್ನಾವರ, ಭಟ್ಕಳ, ಬಾರಕೂರು, ಬಸರೂರು, ಮಂಗಳೂರುಗಳ ವರ್ಣನೆ ಆ ಪುಸ್ತಕದಲ್ಲಿದೆ. ಭಟ್ಕಳಕ್ಕೆ ಹೊರ್ಮುಜಿನಿಂದ ಕುದುರೆಗಳು ಬಂದಿಳಿಯುತ್ತಿದ್ದುದನ್ನೂ, ಅಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಡುತ್ತಿದ್ದುದನ್ನೂ ಬಾರ್ಬೋಸಾ ಬರೆದಿದ್ದಾನೆ. ಒಳನಾಡಿಗೂ ಆ ಬಂದರಿಗೂ ನಡುವೆ ಘಟ್ಟದ ದಾರಿಯಲ್ಲಿ ಹೇರೆತ್ತುಗಳು ಸಾವಿರಗಟ್ಟಲೆಯಾಗಿ ಓಡಾಡುತ್ತಿದ್ದುವೆಂಬುದು ವಿಜಯನಗರವನ್ನು ಕಂಡ ದೊಮಿಂಗೊ ಪಾಯೆಸನ ಬರಹದಿಂದ ತಿಳಿಯುವುದು.

ಬಾರ್ಬೋಸಾನ ಪುಸ್ತಕವು ಇಂಗ್ಲಿಷಿಗೆ ಬಂದ ಬಗೆ ಗಮನಾರ್ಹವಾಗಿದೆ. 1524ರಲ್ಲಿ ಜಿನೋವಾ ರಾಯಭಾರಿಯಾದ ಮಾರ್ತಿನ್ ಸೆಂಚುರಿಯೋನ್ ಎಂಬಾತನು, ಭೂಪಟಗಳನ್ನು ರಚಿಸುತ್ತಿದ್ದ ದಿಯೋಗೊ ರಿಬೇರೊವಿನ ನೆರವಿನಿಂದ, ಅದನ್ನು ಪೋರ್ಚುಗೀಸಿನಿಂದ ಸ್ಪಾನಿಷಿಗೆ ತಿರುಗಿಸಿದನು. ಇಟಲಿಯ ರಾಮೂಸಿಯೊ 1550ರಲ್ಲಿ ತನ್ನ ಪ್ರವಾಸಗ್ರಂಥ ಸಂಕಲನದಲ್ಲಿ ಅದರ ಇಟಾಲಿಯನ್ ರೂಪವನ್ನು ಅಚ್ಚುಮಾಡಿದನು. ಪೋರ್ಚುಗೀಸ್ ಮೂಲವು ಲಿಸ್ಬನ್ನಿನ ವಿಜ್ಞಾನ ಅಕಾಡೆಮಿಯಿಂದ ಅಚ್ಚಾದುದು 1812ರಲ್ಲಿ. ಆದರೂ 1866ರಲ್ಲಿ ಹಾಕ್ಲುಯಿಟ್ ಸೊಸೈಟಿಗಾಗಿ ಹೆನ್ರಿ ಸ್ಟಾನ್ಲಿ ಎಂಬ ವಿದ್ವಾಂಸನು ಮಾಡಿದ ಇಂಗ್ಲಿಷ್ ಭಾಷಾಂತರವು ಬಾರ್ಸಿಲೋನಾದ ಪುಸ್ತಕಾಲಯದಲ್ಲಿದ್ದ ಸ್ಪಾನಿಷ್ ಹಸ್ತಪ್ರತಿಯನ್ನು ಆಧರಿಸಿದುದು. ಹೀಗೆ ಕನ್ನಡ ಕರಾವಳಿಯ ಹೇರುಗಳ ಲೆಕ್ಕವು ಕನ್ನಡ ತುಳು ಮಲಯಾಳಗಳ ಬಾಯಿಂದ ಪೋರ್ಚುಗೀಸ್ ಗುಮಾಸ್ತನ ಕಿವಿಗೆ ಬಿದ್ದು, ಅಲ್ಲಿಂದ ಸ್ಪಾನಿಷಿಗೆ ಇಳಿದು, ಮುನ್ನೂರ ನಲವತ್ತೆರಡು ವರ್ಷಗಳ ಮೇಲೆ ಇಂಗ್ಲಿಷಾಯಿತು. ಸ್ಟಾನ್ಲಿಯು ಅರಬ್ಬೀ ಮುಂತಾದ ಪೌರಸ್ತ್ಯ ಭಾಷೆಗಳನ್ನು ಬಲ್ಲವನು. ಆತನ ಪರಿಶ್ರಮ ಅಲ್ಪವಲ್ಲ. ಮುಂದೆ ಭಾರತದ ಸಿವಿಲ್ ಸರ್ವಿಸಿನಲ್ಲಿದ್ದು ನಿವೃತ್ತನಾದ ಲಾಂಗ್‌ವರ್ತ್ ಡೇಮ್ಸ್ ಎಂಬಾತನು ಪೋರ್ಚುಗೀಸ್ ಮೂಲದಿಂದಲೇ ಹೊಸ ಭಾಷಾಂತರವನ್ನು ಮಾಡಿ 1918 ಮತ್ತು 1921ರಲ್ಲಿ ಎರಡು ಸಂಪುಟಗಳಾಗಿ, ವಿಸ್ತಾರವಾದ ಟಿಪ್ಪಣಿಗಳೊಡನೆ ಪ್ರಕಟಿಸಿದನು. ಒಮ್ಮೆ ಆದ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾದುದೇ ನಡುವಣ ಭಾಷೆಯ ಮೂಲಕ ಬಂದ ಗ್ರಂಥವು ಸಾಲದೆಂಬುದಕ್ಕೆ ಸಾಕ್ಷಿ.

ಇಂಥ ಗ್ರಂಥಗಳಲ್ಲಿ ಭಾಷಾಂತರಕಾರನಿಗೆ ಎದುರಾಗುವ ತೊಡಕುಗಳಿಗೆ ಕೆಲವು ಉದಾಹರಣೆಗಳನ್ನು ಕೊಡಬಹುದು. ಭಟ್ಕಳದಿಂದ ದಕ್ಷಿಣದ ತೀರವನ್ನು ವರ್ಣಿಸುವಾಗ ಬಾರ್ಬೋಸಾ ನಾಲ್ಕು ಬಗೆಯ ಅಕ್ಕಿಗಳನ್ನು ಹೆಸರಿಸುತ್ತಾನೆ. ಮೊದಲನೆಯದು ಗಿರಸಲ್. ಆ ಕಾಲದ ಲಿಪಿಯಲ್ಲಿ ಸಕಾರವನ್ನು ಸೂಚಿಸಲು ಸಿ ಎಂಬ ಅಕ್ಷರದ ಕೆಳಗೆ ಬಾಲದಂಥ ಗೆರೆಯೊಂದನ್ನು ಎಳೆಯುತ್ತಿದ್ದರು. ನಕಲು ಮಾಡುವವನು ಆ ಬಾಲವನ್ನು ಬಿಟ್ಟರೆ ಗಿರಸಲ್ ಎಂಬುದು ಗಿರಕಲ್ ಆಗುವುದು. ಆಗ ಅದರ ಅರ್ಥವನ್ನು ಯಾವ ಪಂಡಿತನೂ ಹೇಳಲಾರನು. ಬಾಲವನ್ನು ಮರಳಿ ಸೇರಿಸಿ, ಪೋರ್ಚುಗೀಸರ ಉಚ್ಚಾರದಂತೆ ಮೊದಲಕ್ಷರವನ್ನು ಜಕಾರಕ್ಕೆ ಸಮೀಪವಾಗಿ ಓದಿದರೆ, ಜೀರಿಗೆಯಂಥ ಸಣ್ಣ ಕಾಳಿನ ಜೀರಸಾಲೆ ಅಕ್ಕಿ ಎದುರಿಗೆ ನಿಲ್ಲುತ್ತದೆ. ನಾಲ್ಕನೆಯದಾದ ಪಚ್ಚರಿಯು ಕುದಿಸದೆ ಮಾಡಿದ ಹಸಿ ಅಕ್ಕಿಯೆಂಬುದು ಕರಾವಳಿಯವರಿಗೆ ಹೇಳಬೇಕಾದುದಿಲ್ಲ. ಒಂದು ಗೆರೆಯ ಲೋಪದಿಂದ ಒಂದು ಜಾತಿಯ ಭತ್ತವೇ ಇತಿಹಾಸದಿಂದ ಮಾಯವಾಗಬಹುದು.

ಎರಡನೆಯದು ಫಾರ್ದೊ. ಪೋರ್ಚುಗೀಸರ ಕಡತಗಳಲ್ಲಿ ಬಸರೂರು ಮಂಗಳೂರುಗಳ ಅಕ್ಕಿಯ ಲೆಕ್ಕವೆಲ್ಲ ಫಾರ್ದೊಗಳಲ್ಲಿದೆ. ಸ್ಪಾನಿಷಿನಲ್ಲಿಯೂ ಅದೇ ಪದ. ಗೋವೆಯೂ ಹೊರ್ಮುಜೂ ಮಸ್ಕತ್ತೂ ಈ ತೀರದ ಅಕ್ಕಿಯನ್ನು ನಂಬಿ ಬದುಕುತ್ತಿದ್ದುವು. ಆ ಅಕ್ಕಿಗಾಗಿಯೇ 1568–69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆಗಳನ್ನು ಹಿಡಿದರು. 1580ರಿಂದ 1640ರವರೆಗೆ ಸ್ಪೇನಿನ ದೊರೆಗಳೇ ಪೋರ್ಚುಗಲ್ಲಿಗೂ ದೊರೆಗಳಾಗಿದ್ದುದರಿಂದ, ಆ ಅರುವತ್ತು ವರ್ಷ ಬಸರೂರಿನ ಕೋಟೆಯ ಒಡೆತನವು ಅವರದೇ ಆಗಿತ್ತು. ಕಡೆಗೆ ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ ಬಸರೂರುಗಳನ್ನು ಅವರ ಕೈಯಿಂದ ಬಿಡಿಸಿದನು. ಇಷ್ಟು ಯುದ್ಧಕ್ಕೆ ಕಾರಣವಾದ ಫಾರ್ದೊ ಎಂದರೇನು? ಇಂಗ್ಲಿಷಿನಲ್ಲಿ ಇದಕ್ಕೆ ಬೇಲ್ ಎಂಬುದು ರೂಢಿ. ಬೇಲ್ ಎಂದೊಡನೆ ಓದುವವರಿಗೆ ಯಂತ್ರದಿಂದ ಒತ್ತಿ ಕಟ್ಟಿದ ಅರಳೆಯ ಗಂಟು ನೆನಪಾಗುವುದು. ಅದನ್ನು ಕನ್ನಡಿಸುವವರು ಮೂಟೆಯೆಂದರೆ ಗೋಣಿಯ ಚೀಲ ನೆನಪಾಗುವುದು. ಕರಾವಳಿಯ ಅಕ್ಕಿಯನ್ನಾದರೋ ಪೂರ್ವದಿಂದಲೂ ತುಂಬುತ್ತಿದ್ದುದು ಮುಡಿಯಲ್ಲಿ. ಬೈಹುಲ್ಲನ್ನು ಹರಡಿ, ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು, ದೊಡ್ಡ ಚೆಂಡಿನಂತೆ ಗುಂಡಗೆ ಕಟ್ಟುವುದು ಮುಡಿ. ಅದರ ಅಳತೆ ಸಾಮಾನ್ಯವಾಗಿ 42 ಸೇರು. ಮಳೆಗಾಲದ ತೇವಕ್ಕೂ ಹುಳುವಿಗೂ ಅದು ಜಗ್ಗದು. ಅದನ್ನು ಕಟ್ಟುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಫಾರ್ದೊ ಎಂಬಲ್ಲಿ ಮುಡಿಯೆಂದು ಬರೆದೊಡನೆ ಹುಲ್ಲು, ಹಗ್ಗ, ಕಟ್ಟಿದ ಕೈ ಎಲ್ಲವೂ ಮರಳಿ ಬರುತ್ತವೆ; ಬೇಲ್ ಎಂದರೆ ಸಂಖ್ಯೆ ಮಾತ್ರ ಉಳಿಯುವುದು.

ಮೂರನೆಯದು ಸಕ್ಕರೆಯ ಮಾತು. ವಂಗದೇಶದ ಜನರು ಒಳ್ಳೆಯ ಬಿಳಿಯ ಸಕ್ಕರೆ ಮಾಡುವರಾದರೂ ಅದನ್ನು ಗಟ್ಟಿಯಾಗಿ ಕೂಡಿಸುವ ಬಗೆಯನ್ನರಿಯರೆಂದು ಬಾರ್ಬೋಸಾ ಹೇಳುತ್ತಾನೆ. ಆ ಗಟ್ಟಿಗೆ ಸ್ಪಾನಿಷಿನಲ್ಲಿಯೂ ಇಂಗ್ಲಿಷಿನಲ್ಲಿಯೂ ರೊಟ್ಟಿಯ ಹೆಸರೇ ಇದೆ. ಶಬ್ದವನ್ನು ಹಿಡಿದವನು ಕನ್ನಡದಲ್ಲಿ ಸಕ್ಕರೆಯ ರೊಟ್ಟಿಯೆಂದು ಬರೆದು ನಗೆಗೀಡಾದಾನು. ಆಲೆಮನೆಯನ್ನು ಕಂಡವನು ಅಚ್ಚು ಎಂದು ಬರೆಯುವನು. ಬೆಲ್ಲದ ಅಚ್ಚನ್ನು ಬಲ್ಲವನಿಗೆ ಸಕ್ಕರೆಯ ಅಚ್ಚನ್ನು ವಿವರಿಸಬೇಕಾಗಿಲ್ಲ.

ತೂಕಗಳ ವಿಷಯದಲ್ಲಿ ತಪ್ಪಿದರೆ ಹಾನಿಯು ಲೆಕ್ಕಕ್ಕೇ ಸಿಕ್ಕುವುದು. ಸ್ಪೇನಿನ ಹಳೆಯ ಕಿಂತಾಲ್ ಸುಮಾರು 46 ಕಿಲೋಗ್ರಾಮು. ಪೋರ್ಚುಗೀಸರದು ಸುಮಾರು 58 ಮುಕ್ಕಾಲು. ಇಂಗ್ಲಿಷಿನವರು ಅದಕ್ಕೆ ಸಮವೆಂದು ಹಾಕುವ ಹಂಡ್ರೆಡ್‌ವೆಯ್ಟ್ ಸುಮಾರು 50.8, ಇಂದಿನ ಮಂಡಿಯ ಕ್ವಿಂಟಲ್ 100. ಹಳೆಯ ಕಡತದಲ್ಲಿ ಸಾವಿರ ಕಿಂತಾಲ್ ಮೆಣಸು ಎಂದಿದೆಯೆಂದು ಭಾವಿಸೋಣ. ಸ್ಪೇನಿನ ಲೆಕ್ಕದಲ್ಲಿ ಅದು 46,000 ಕಿಲೋಗ್ರಾಮು. ಪೋರ್ಚುಗೀಸರ ಲೆಕ್ಕದಲ್ಲಿ 58,000ಕ್ಕೂ ಮಿಗಿಲು. ಈ ಭೇದವನ್ನರಿಯದೆ ಕನ್ನಡದಲ್ಲಿ ಸಾವಿರ ಕ್ವಿಂಟಲ್ ಎಂದು ಬರೆದುಬಿಟ್ಟರೆ ಅದು ಒಂದು ಲಕ್ಷವಾಗುವುದು. ಹೀಗೆ ಅಕ್ಷರವೊಂದೂ ಬದಲಾಗದೆ ಮೆಣಸು ಎರಡರಷ್ಟಾಗುತ್ತದೆ. ಹಡಗಿನ ಅಳತೆಯಲ್ಲಿಯೂ ಇದೇ ತೊಡಕು. ಸ್ಪಾನಿಷಿನ ತೊನೆಲಾದಾ ಎಂಬುದು ತೊನೆಲ್ ಎಂಬ ದೊಡ್ಡ ಮರದ ಪೀಪಾಯಿಯಿಂದ ಬಂದುದು. ಎರಡು ಪೀಪಾಯಿಗಳು ಹಿಡಿಸುವಷ್ಟು ಜಾಗವೆಂದು ಅದರ ತಾತ್ಪರ್ಯ. ಕನ್ನಡದ ಪೀಪಾಯಿಯೂ ಪೋರ್ಚುಗೀಸರ ಪೀಪಾ ಎಂಬುದೇ. ಇಂಗ್ಲಿಷಿನ ಟನ್ನು ಸಹ ಮೊದಲು ದ್ರಾಕ್ಷಾರಸದ ಪೀಪಾಯಿಯ ಹೆಸರಾಗಿತ್ತು; ಹಡಗುಗಳ ದಾಖಲೆಯ ಟನ್ನು ನೂರು ಘನ ಅಡಿಗಳ ಜಾಗವೇ ಹೊರತು ತೂಕವಲ್ಲ. ಇನ್ನೂರು ಟನ್ನಿನ ಹಡಗೆಂದು ಓದಿದ ಕನ್ನಡಿಗನು ಅದನ್ನು ತೂಕವೆಂದೇ ಗ್ರಹಿಸುವನು.

ಇನ್ನು ಬಹಾರ್ ಎಂಬ ತೂಕ. ಪಶ್ಚಿಮ ಸಮುದ್ರದ ಬಂದರುಗಳಲ್ಲಿ ಮೆಣಸನ್ನು ತೂಗುತ್ತಿದ್ದುದು ಇದರಿಂದ. ಅರಬ್ಬರ ಮಾತೆಂದು ಐರೋಪ್ಯರು ಬರೆದುಕೊಂಡ ಈ ಪದವು ಸಂಸ್ಕೃತದ ಭಾರ ಶಬ್ದವೇ ಎಂದು ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ತಮ್ಮ ಕೋಶದಲ್ಲಿ ತೋರಿಸಿದ್ದಾರೆ. ಬರ್ನೆಲನು ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು. ನೂರು ಪಲಕ್ಕೆ ಒಂದು ತುಲೆ, ಇಪ್ಪತ್ತು ತುಲೆಗೆ ಒಂದು ಭಾರ ಎಂಬುದು ಅಮರಕೋಶದ ಲೆಕ್ಕ. ಮಲಬಾರಿನ ವರ್ತಕರಲ್ಲಿ ಇಪ್ಪತ್ತು ಫರಾಸಲೆಗೆ ಒಂದು ಬಹಾರ್. ಮೈಸೂರು ಸೀಮೆಯಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇಪ್ಪತ್ತು ಮಣಕ್ಕೆ ಒಂದು ಖಂಡಿ. ಹೆಸರುಗಳು ಬೇರೆಬೇರೆಯಾದರೂ ಎಣಿಸುವ ಪದ್ಧತಿ ಒಂದೇ. ಗೋಣಿ ಶಬ್ದವೂ ಇದರಂತೆಯೇ ಹೊರಗೆ ಹೋದುದು. ತುಂಬುವ ಚೀಲವೆಂಬ ಅರ್ಥದಲ್ಲಿ ಗೋಣೀ ಶಬ್ದಸಿದ್ಧಿಯನ್ನು ಪಾಣಿನಿಯು ತನ್ನ ಸೂತ್ರದಲ್ಲಿಯೇ ವಿಧಿಸಿದ್ದಾನೆ. ಅದು ಈ ದೇಶದ ಭಾಷೆಗಳಿಂದ ಇಂಗ್ಲಿಷಿಗೆ ಹೋಗಿ ಗನ್ನಿ ಎನಿಸಿತು. ಬಂದರಿನಲ್ಲಿ ಮಾತು ಇಳಿಯುವಂತೆ ಏರುವುದೂ ಉಂಟು.

ಹಾಗಾದರೆ ಇಂಥ ಪದಗಳನ್ನು ತಿರುಗಿಸುವವನಿಗೆ ದಾರಿ ಯಾವುದು? ಇದಕ್ಕೆ ಉತ್ತರವು ಪೂರ್ವಮೀಮಾಂಸೆಯಲ್ಲಿದೆ. ವೇದದಲ್ಲಿ ಪಿಕ, ನೇಮ, ತಾಮರಸ ಮುಂತಾದ ಕೆಲವು ಶಬ್ದಗಳು ಬರುತ್ತವೆ. ಅವುಗಳನ್ನು ಆರ್ಯರು ವ್ಯವಹಾರದಲ್ಲಿ ಬಳಸುತ್ತಿರಲಿಲ್ಲ, ಮ್ಲೇಚ್ಛರು ಬಳಸುತ್ತಿದ್ದರು. ಇವುಗಳಿಗೆ ನಿಗಮ ನಿರುಕ್ತ ವ್ಯಾಕರಣಗಳ ಬಲದಿಂದ ಧಾತುವನ್ನು ಕಲ್ಪಿಸಿ ಅರ್ಥ ಹೇಳಬೇಕೇ, ಅಥವಾ ಬಳಸುವ ಮ್ಲೇಚ್ಛರನ್ನೇ ಕೇಳಬೇಕೇ ಎಂಬ ಸಂಶಯವನ್ನೆತ್ತಿ, ಬಳಸುವವರ ಅರ್ಥವೇ ಪ್ರಮಾಣವೆಂದು ಶಬರಸ್ವಾಮಿಯು ನಿರ್ಣಯಿಸಿದ್ದಾನೆ. ಹಕ್ಕಿಗಳನ್ನು ಹಿಡಿಯುವುದರಲ್ಲಿಯೂ ಸಾಕುವುದರಲ್ಲಿಯೂ ಅವರೇ ಹೆಚ್ಚು ನಿಪುಣರಾದುದರಿಂದ ಹಕ್ಕಿಯ ಹೆಸರಿಗೆ ಅವರ ಮಾತನ್ನೇ ನಂಬತಕ್ಕದ್ದೆಂಬುದು ಅಲ್ಲಿನ ಯುಕ್ತಿ. ವೇದಾರ್ಥಕ್ಕೇ ಒಪ್ಪಿದ ಈ ನ್ಯಾಯವು ಹಡಗಿನ ಮಾತಿಗೆ ಒಪ್ಪದೆ ಹೋದೀತೇ? ಹೇರುವವನ ಮಾತಿಗೆ ಹೇರುವವನೇ ಪ್ರಮಾಣ. ಮುಡಿಯ ಅರ್ಥವನ್ನು ಮುಡಿ ಕಟ್ಟುವವನಲ್ಲಿಯೂ, ಒಟ್ಟುವುದರ ಅರ್ಥವನ್ನು ಗಾಡಿಯ ಮೇಲೆ ನಿಂತವನಲ್ಲಿಯೂ ಕೇಳತಕ್ಕದ್ದು. ಧಾತುಪಾಠವು ಅದರ ತರುವಾಯ.

ಗೋವೆಯ ವಿದ್ವಾಂಸ ಸೆಬಾಸ್ತಿಯಾನ್ ರೊಡೊಲ್ಫೊ ದಾಲ್ಗಾದೊ ಈ ಮಾರ್ಗದಲ್ಲಿ ದೊಡ್ಡ ಕೆಲಸ ಮಾಡಿದನು. ಪೋರ್ಚುಗೀಸ್ ಪದಗಳು ಏಷ್ಯಾ ಖಂಡದ ಭಾಷೆಗಳಲ್ಲಿ ಹೇಗೆ ಸೇರಿವೆಯೆಂಬುದನ್ನು, ಕನ್ನಡವನ್ನೂ ಸೇರಿಸಿಕೊಂಡು, 1913ರಲ್ಲಿ ಪ್ರಕಟಿಸಿದನು. ಅದರ ಇಂಗ್ಲಿಷ್ ಭಾಷಾಂತರವು 1936ರಲ್ಲಿ ಬರೋಡೆಯಿಂದ ಹೊರಬಂದಿತು. ಆದರೆ ಇದಕ್ಕೆ ಪ್ರತಿಯಾದ ಕೆಲಸವು ಕನ್ನಡಿಗರ ಪಾಲಿನದು. ಪೋರ್ಚುಗೀಸ್ ಸ್ಪಾನಿಷ್ ಕಡತಗಳನ್ನು ಮುಂದೆ ಯಾರೇ ನೇರವಾಗಿ ಕನ್ನಡಕ್ಕೆ ತರಲಿ, ಅವರಿಗೆ ಬೇಕಾಗುವ ಮಾತುಗಳು ನಿಘಂಟುಗಳಲ್ಲಿರುವುದಕ್ಕಿಂತ ಜನರ ಬಾಯಲ್ಲಿರುವುದು ಹೆಚ್ಚು. ಸೇರು, ಕೊಳಗ, ಖಂಡುಗಗಳನ್ನು ಕಿಲೋಗ್ರಾಮು ಹಿಂದಕ್ಕೆ ಸರಿಸಿತು. ಹೇರೆತ್ತಿನ ಜಾಗಕ್ಕೆ ಲಾರಿ ಬಂದಿತು. ಮುಡಿಯ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಬಂದಿತು. ವಸ್ತುವು ಹೋಗುವುದನ್ನು ತಡೆಯಲಾಗದು. ಹೋಗುವುದಕ್ಕೆ ಮುಂಚೆ ಅದರ ಹೆಸರನ್ನೂ ಅಳತೆಯನ್ನೂ ಬಳಕೆಯನ್ನೂ ಬಲ್ಲವರಿಂದ ಕೇಳಿ ಬರೆದಿಡುವುದು ಸಾಧ್ಯವಿದೆ. ಚಿಂತಾಮಣಿಯ ಮಂಡಿಯಲ್ಲಿಯೂ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ತೂಗಿದ, ಹೊತ್ತ, ಒಟ್ಟಿದ ಹಿರಿಯರು ಇನ್ನೂ ಇದ್ದಾರೆ. ಅವರ ಮಾತುಗಳ ಪಟ್ಟಿಯೊಂದು ಸಿದ್ಧವಾದರೆ, ಲಿಸ್ಬನ್ನಿನಲ್ಲಿಯೋ ಬಾರ್ಸಿಲೋನಾದಲ್ಲಿಯೋ ಉಳಿದಿರುವ ಹಳೆಯ ಕಾಗದಗಳನ್ನು ಕನ್ನಡದಲ್ಲಿ ಓದುವ ದಿನಕ್ಕೆ ಅದು ಕೈಗನ್ನಡಿಯಾದೀತು.